90 ಮಿಲಿಗ್ರಾಂ: ಬಡವರ ನೋವಿಗೆ ಎಳೆದ ಗೆರೆ



1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅಮೆರಿಕದ ಕತೆ ನಮಗ್ಯಾಕೆ ಅನ್ನೋರು ಆ ಕಾಗದ ಓದ್ಲಿ. ಇವತ್ತು ನಾನು ಹೇಳ್ತಿರೋದು ಒಂದು ಸಂಖ್ಯೆಯ ಚರಿತ್ರೆ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಆ ಸಂಖ್ಯೆ 90. ಮಾರ್ಫಿನ್, ಆಕ್ಸಿಕೋಡೋನ್, ಮೆಥಡೋನ್ ಇವೆಲ್ಲ ಅಫೀಮಿನ ಬಳಗದ ನೋವಿನ ಔಷಧಗಳು. ಒಂದೊಂದರ ಬಲ ಒಂದೊಂದು ಥರ. ಹಾಗಾಗಿ ಎಲ್ಲವನ್ನೂ ಮಾರ್ಫಿನ್ ಲೆಕ್ಕಕ್ಕೆ ತರ್ತಾರೆ. 60 ಮಿಲಿಗ್ರಾಂ ಆಕ್ಸಿಕೋಡೋನ್ ಅಂದ್ರೆ 90 ಮಿಲಿಗ್ರಾಂ ಮಾರ್ಫಿನ್‌ಗೆ ಸಮ. ಒಬ್ಬ ರೋಗಿಗೆ ದಿನಕ್ಕೆ ಇಷ್ಟು ಸಾಕು ಅಂತ ಅಮೆರಿಕದ ಸರ್ಕಾರಿ ವಿಮೆಗಳು ಗೆರೆ ಎಳೆದದ್ದು ಈ ಲೆಕ್ಕದ ಮೇಲೆ.

ನೋವಿನ ವಿಷಯದಲ್ಲಿ ಆ ದೇಶದ ಚರಿತ್ರೆ ಕೊಳಕು. 1840ರ ದಶಕದಲ್ಲಿ ಅಲಬಾಮಾದಲ್ಲಿ ಜೆ. ಮೇರಿಯನ್ ಸಿಮ್ಸ್ ಅನ್ನೋ ವೈದ್ಯ ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಗುಲಾಮ ಹೆಣ್ಣುಮಕ್ಕಳ ಮೇಲೆ ಅರಿವಳಿಕೆ ಇಲ್ಲದೆ ಶಸ್ತ್ರಚಿಕಿತ್ಸೆಯ ಪ್ರಯೋಗ ಮಾಡಿದ. ಅನಾರ್ಕಾ ಒಬ್ಬಳ ಮೇಲೇ ಸುಮಾರು 30 ಸಲ. ಅವನಿಗೆ ಸ್ತ್ರೀರೋಗ ಶಾಸ್ತ್ರದ ಪಿತಾಮಹ ಅನ್ನೋ ಬಿರುದು, ನ್ಯೂಯಾರ್ಕಿನಲ್ಲಿ ಪ್ರತಿಮೆ! ಅದನ್ನು ಕಿತ್ತದ್ದು 2018ರಲ್ಲಿ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಕೇಳಿ ನೋಡಿದಾಗ, ಕಪ್ಪು ಜನರ ಚರ್ಮ ದಪ್ಪ ಅನ್ನೋ ಥರದ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದವರು ಸುಮಾರು ಅರ್ಧ ಜನ. "ಇವರಿಗೆ ಕಷ್ಟ ಅಭ್ಯಾಸ ಆಗಿದೆ ಬಿಡಿ" ಅಂತ ನಮ್ಮೋರ ಬಗ್ಗೆ ಅಂದದ್ದು ನೆನಪಾಗ್ತಿದೆಯಾ?

ಈಗ ಮಾತ್ರೆಗಳ ಕಾಲಕ್ಕೆ ಬರೋಣ. 1996ರಲ್ಲಿ ಪರ್ಡ್ಯೂ ಫಾರ್ಮಾ ಆಕ್ಸಿಕಾಂಟಿನ್ ಮಾರೋಕೆ ಶುರು ಮಾಡಿತು. ಚಟ ಹತ್ತೋದು ಕಮ್ಮಿ ಅಂತ ವೈದ್ಯರಿಗೆ ಹೇಳಿ ಮಾರಿತು. 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ಕಂಪನಿ ಮತ್ತು ಮೂವರು ಅಧಿಕಾರಿಗಳು ಸೇರಿ 60 ಕೋಟಿ ಡಾಲರಿಗೂ ಹೆಚ್ಚು ದಂಡ ಕಟ್ಟಲು ಒಪ್ಪಿದರು. ಆ ಮೂವರಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ. ಅದೇ ದೇಶದಲ್ಲಿ 1986ರ ಕಾಯ್ದೆ ಪ್ರಕಾರ 5 ಗ್ರಾಂ ಕ್ರ್ಯಾಕ್ ಕೊಕೇನ್‌ಗೆ ಕನಿಷ್ಠ 5 ವರ್ಷ ಜೈಲು, ಪುಡಿ ಕೊಕೇನ್ ಆದರೆ ಅಷ್ಟೇ ಶಿಕ್ಷೆಗೆ 500 ಗ್ರಾಂ ಇರಬೇಕಿತ್ತು. ಕ್ರ್ಯಾಕ್ ಕೇಸಲ್ಲಿ ಒಳಗೆ ಹೋದವರು ಬಹುಪಾಲು ಕಪ್ಪು ಜನ.

ದಿನದ ಮಿತಿಯ ಕತೆ ಶುರುವಾಗೋದು ವಾಷಿಂಗ್ಟನ್ ರಾಜ್ಯದಲ್ಲಿ, ಕೆಲಸ ಮಾಡ್ತಾ ಗಾಯಗೊಂಡ ಕಾರ್ಮಿಕರಿಂದ. ಅಲ್ಲಿನ ಕಾರ್ಮಿಕ ಪರಿಹಾರ ಇಲಾಖೆಯ ವೈದ್ಯಾಧಿಕಾರಿ ಗ್ಯಾರಿ ಫ್ರಾಂಕ್ಲಿನ್ ಮತ್ತು ಜೊತೆಗಾರರು ಕಡತ ತಿರುವಿ ಹಾಕಿದರು. ಬೆನ್ನುನೋವು ಅಂತ ಬಂದ ಕಾರ್ಮಿಕರು ಬೆನ್ನುನೋವಿನಿಂದ ಅಲ್ಲ, ಮಾತ್ರೆಯಿಂದ ಸತ್ತಿದ್ದರು. ಅಂಥ 32 ಸಾವುಗಳನ್ನು 2005ರಲ್ಲಿ ಪ್ರಕಟಿಸಿದರು. 2007ರಲ್ಲಿ ಆ ರಾಜ್ಯ, ದಿನಕ್ಕೆ 120 ಮಿಲಿಗ್ರಾಂ ದಾಟಿಸುವ ಮುಂಚೆ ನೋವಿನ ತಜ್ಞರನ್ನು ಕೇಳಿ ಅಂತ ಸೂಚನೆ ಕೊಟ್ಟಿತು. ಹಾಗಾಗಿ ಮಿತಿ ಹಾಕಿದ್ದೇ ದುಷ್ಟತನ ಅಂತ ನಾನು ಹೇಳಲ್ಲ. ಹೆಣ ಎಣಿಸಿ ಮಾಡಿದ ನಿಯಮ ಅದು.

ಆದರೆ ಅದೇ ರಾಜ್ಯದ ಇನ್ನೊಂದು ಮುಖ ನೋಡಿ. ಮೆಡಿಕೇಡ್ ಅಂದ್ರೆ 1965ರಲ್ಲಿ ಬಂದ ಬಡವರ ಸರ್ಕಾರಿ ವಿಮೆ, ನಮ್ಮ ಬಿಪಿಎಲ್ ಕಾರ್ಡಿನ ಥರ ಆದಾಯ ನೋಡಿ ಕೊಡೋದು. ದುಡ್ಡು ಉಳಿಸೋಕೆ ವಾಷಿಂಗ್ಟನ್ ಸರ್ಕಾರ ಮೆಡಿಕೇಡ್ ರೋಗಿಗಳಿಗೆ ಅಗ್ಗದ ಮೆಥಡೋನನ್ನು ಮೊದಲ ಪಟ್ಟಿಯಲ್ಲಿಟ್ಟಿತು. ಈ ಮೆಥಡೋನ್ ಸ್ವಭಾವ ಏನಂದ್ರೆ, ನೋವು ಕೆಲವೇ ಗಂಟೆಯಲ್ಲಿ ವಾಪಸ್ ಬರುತ್ತೆ, ಔಷಧ ಮಾತ್ರ ಮೈಯಲ್ಲಿ ಇನ್ನೂ ಎಷ್ಟೋ ಹೊತ್ತು ಉಳಿಯುತ್ತೆ. ನೋವು ತಡೀಲಾರದೆ ಇನ್ನೊಂದು ನುಂಗಿದರೆ ಒಂದರ ಮೇಲೊಂದು ಸೇರಿಕೊಂಡು, ನಿದ್ದೆಯಲ್ಲೇ ಉಸಿರು ನಿಲ್ಲುತ್ತೆ. 2011ರಲ್ಲಿ ಸಿಯಾಟಲ್ ಟೈಮ್ಸ್ ಪತ್ರಿಕೆ ಲೆಕ್ಕ ತೆಗೆದಾಗ, 2003ರಿಂದ ಆ ರಾಜ್ಯದಲ್ಲಿ ಮೆಥಡೋನ್‌ಗೆ ಬಲಿಯಾದವರು 2,100ಕ್ಕೂ ಹೆಚ್ಚು. ವಯಸ್ಕರಲ್ಲಿ ಮೆಡಿಕೇಡ್ ಇದ್ದವರು ಶೇ. 8. ಸತ್ತವರಲ್ಲಿ ಅವರು ಶೇ. 48! ಆ ವರದಿಗೆ 2012ರಲ್ಲಿ ಪುಲಿಟ್ಜರ್ ಬಂತು. ಸತ್ತವರು ಬಹುಪಾಲು ಬಡ ಬಿಳಿಯರೇ ಇರಬಹುದು, ಆದರೂ ಇದು ನಮ್ಮ ಕತೆಯೇ. ದುಡ್ಡಿದ್ದವರಿಗೆ ಬೇರೆ ಮಾತ್ರೆ, ಕಾರ್ಡ್ ಇದ್ದವರಿಗೆ ಬೇರೆ ಮಾತ್ರೆ.

2016ರ ಮಾರ್ಚಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸಿಡಿಸಿ, ವೈದ್ಯರಿಗೆ ಮಾರ್ಗಸೂಚಿ ಕೊಟ್ಟಿತು: 50 ದಾಟುವಾಗ ಹುಷಾರು, 90ಕ್ಕೆ ಹೋಗಬೇಡಿ, ಹೋಗಲೇಬೇಕಾದರೆ ಕಾರಣ ಇರಲಿ. ಅದು ಸಲಹೆ ಅಷ್ಟೇ. ಆದರೆ ಸಲಹೆ ಕಂಪ್ಯೂಟರಿಗೆ ಹೋದ ಮೇಲೆ ಏನಾಗುತ್ತೆ ಅಂತ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ವಾಪಸ್ ಬಂದ ನಮ್ಮ ಅವ್ವಂದಿರಿಗೆ ಗೊತ್ತು. ಮೆಡಿಕಲ್ ಶಾಪಿನಲ್ಲಿ ಚೀಟಿ ಕೊಟ್ಟರೆ ಪರದೆ ಮೇಲೆ ಇಲ್ಲ ಅನ್ನುತ್ತೆ, ಮುಂಚಿತ ಅನುಮತಿ ತನ್ನಿ ಅನ್ನುತ್ತೆ. 2018ರ ಸಪೋರ್ಟ್ ಕಾಯ್ದೆ, 2019ರ ಅಕ್ಟೋಬರ್ ಒಳಗೆ ಎಲ್ಲಾ ರಾಜ್ಯಗಳ ಮೆಡಿಕೇಡ್‌ನಲ್ಲೂ ದಿನದ ಮಿತಿಯ ತಪಾಸಣೆ ಇರಲೇಬೇಕು ಅಂತ ಮಾಡಿತು. ಕ್ಯಾನ್ಸರ್ ರೋಗಿಗಳಿಗೆ, ಕೊನೆಗಾಲದ ಆರೈಕೆಯಲ್ಲಿದ್ದವರಿಗೆ ವಿನಾಯ್ತಿ ಇತ್ತು. ಉಳಿದವರು? ಆರೆಗಾನ್ ರಾಜ್ಯದಲ್ಲಂತೂ 2018ರಲ್ಲಿ, ಕೆಲವು ದೀರ್ಘಕಾಲದ ನೋವುಗಳಿಗೆ ಮೆಡಿಕೇಡ್ ರೋಗಿಗಳ ಮಾತ್ರೆಯನ್ನು ಇಳಿಸುತ್ತಾ ಸೊನ್ನೆಗೆ ತರೋ ಪ್ರಸ್ತಾಪ ಬಂತು. ರೋಗಿಗಳು, ತಜ್ಞರು ಗಲಾಟೆ ಮಾಡಿದ ಮೇಲೆ 2019ರಲ್ಲಿ ಹಿಂದೆ ಸರಿದರು. ಅದೇ ವರ್ಷ ಏಪ್ರಿಲಲ್ಲಿ ಎಫ್‌ಡಿಎ, ದಿಢೀರ್ ಅಂತ ನಿಲ್ಲಿಸಿದರೆ ತೀವ್ರ ಯಾತನೆ, ಆತ್ಮಹತ್ಯೆ ಆಗ್ತಿದೆ ಅಂತ ಎಚ್ಚರಿಸಿತು. 2022ರಲ್ಲಿ ಸಿಡಿಸಿಯೇ, ನಮ್ಮ ಸಂಖ್ಯೆಗಳನ್ನು ಬಿಗಿ ಕಾನೂನು ಮಾಡ್ಕೋಬೇಡಿ ಅಂತ ತಿದ್ದಿ ಬರೆಯಿತು.

ಅಷ್ಟರಲ್ಲಿ ಸಾವು ಮಾತ್ರೆಯಿಂದ ಕಳ್ಳ ಫೆಂಟನಿಲ್‌ಗೆ ದಾಟಿ ಆಗಿತ್ತು. 2020ರ ಹೊತ್ತಿಗೆ ಮಿತಿಮೀರಿದ ಡೋಸಿನಿಂದ ಸಾಯೋ ಪ್ರಮಾಣದಲ್ಲಿ ಕಪ್ಪು ಜನ ಬಿಳಿಯರನ್ನು ಮೀರಿಸಿದ್ದರು.

ನಮ್ಮ ದೇಶದ ಮಾತು. ಮಂದ್‌ಸೌರ್, ನೀಮಚ್, ಚಿತ್ತೋಡ್‌ಗಢದ ರೈತರು ಸರ್ಕಾರದ ಪರವಾನಗಿ ಮೇಲೆ ಅಫೀಮು ಬೆಳೀತಾರೆ. 1981ರಿಂದ ಅಮೆರಿಕ ತನ್ನ ಔಷಧಕ್ಕೆ ಬೇಕಾದ ಅಫೀಮು ಕಚ್ಚಾವಸ್ತುವಿನಲ್ಲಿ ಶೇ. 80ರಷ್ಟನ್ನು ಭಾರತ ಮತ್ತು ಟರ್ಕಿಯಿಂದಲೇ ಕೊಳ್ಳೋ ನಿಯಮ ಇಟ್ಟುಕೊಂಡಿದೆ. ಅಂದ್ರೆ ಅವರ ಮಾತ್ರೆಯಲ್ಲಿ ನಮ್ಮ ಹೊಲದ ಹಾಲಿದೆ. ಇಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಬಂದು, ಕಾಗದದ ತಪ್ಪಿಗೂ ಜೈಲು ಅನ್ನೋ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ಮುಂದಿನ ಹತ್ತು ಹನ್ನೆರಡು ವರ್ಷದಲ್ಲಿ ಬಳಕೆ ಶೇ. 90ಕ್ಕಿಂತ ಹೆಚ್ಚು ಕುಸಿಯಿತು. ಕೇರಳದಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಥರದವರು ವರ್ಷಗಟ್ಟಲೆ ಹೋರಾಡಿದ್ದಕ್ಕೆ 2014ರಲ್ಲಿ ತಿದ್ದುಪಡಿ ಬಂತು. ನಾಲ್ಕೈದು ಲೈಸೆನ್ಸ್ ಹೋಗಿ ಒಂದೇ ಅನುಮತಿ ಸಾಕಾಯ್ತು.

ನಿಮ್ಮ ಜಿಲ್ಲಾಸ್ಪತ್ರೆ ಆ ಅನುಮತಿ ತಗೊಂಡಿದೆಯಾ, ಮಾರ್ಫಿನ್ ಮಾತ್ರೆ ಸ್ಟಾಕ್ ಎಷ್ಟಿದೆ, ಕಳೆದ ವರ್ಷ ಎಷ್ಟು ಜನಕ್ಕೆ ಕೊಟ್ಟರು ಅಂತ ಒಂದು ಆರ್‌ಟಿಐ ಅರ್ಜಿ ಹಾಕಿ ಕೇಳಿ. ಹತ್ತು ರೂಪಾಯಿ ಖರ್ಚು. ಬಂದ ಉತ್ತರ ಕಾಮೆಂಟಲ್ಲಿ ಹಾಕಿ, ಜಿಲ್ಲೆವಾರು ಪಟ್ಟಿ ಮಾಡೋಣ.