ದೋಣಿ ಸುಂಕ

ದೋಣಿ ಸುಂಕ ಎಂದರೆ ನದಿ, ಹಿನ್ನೀರು ಅಥವಾ ಅಳಿವೆಯನ್ನು ದೋಣಿ, ಹರಿಗೋಲು, ಲಾಂಚುಗಳಲ್ಲಿ ದಾಟುವ ಪ್ರಯಾಣಿಕರಿಂದ ಪಡೆಯುವ ಶುಲ್ಕ. ಅಂಬಿಗನ ಕೂಲಿಯ ಜೊತೆಗೆ ಇದು ಸರ್ಕಾರಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಆದಾಯದ ಮೂಲವಾಗಿ ಬಳಕೆಯಾಗಿದೆ. ದೋಣಿ ದಾಟುವ ಸ್ಥಳವನ್ನು ಕರ್ನಾಟಕದ ಬೇರೆ ಬೇರೆ ಭಾಗಗಳಲ್ಲಿ ಕಡವು, ತಾರಿ, ಹೊಳೆಬಾಗಿಲು ಎಂದು ಕರೆಯುತ್ತಾರೆ.

ಇತಿಹಾಸ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿವರಿಸುವಾಗ ದೋಣಿ ಸುಂಕದ ದರಗಳನ್ನೂ ಹೇಳಲಾಗಿದೆ. ಹೊರೆ ಹೊತ್ತ ಮನುಷ್ಯ, ಹಸು, ಕುದುರೆ, ಒಂಟೆ, ಗಾಡಿ ಮುಂತಾದವಕ್ಕೆ ದರ ಬೇರೆ ಬೇರೆ. ಮಕ್ಕಳು, ವೃದ್ಧರು, ರೋಗಿಗಳು, ಗರ್ಭಿಣಿಯರು ಮೊದಲಾದವರಿಗೆ ಮುದ್ರೆಯೊತ್ತಿದ ರಹದಾರಿಯ ಮೇಲೆ ವಿನಾಯಿತಿ ಇತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯದ 1868ರ ದೋಣಿ ಕಾಯಿದೆಗೂ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದ 1890ರ ಕಾಲುವೆ ಮತ್ತು ಸಾರ್ವಜನಿಕ ಕಡವುಗಳ ಕಾಯಿದೆಗೂ ಒಳಪಟ್ಟಿದ್ದವು. ಕಡವನ್ನು ಗುತ್ತಿಗೆಗೆ ಕೊಟ್ಟು ಹಣ ಪಡೆಯುವುದು ವಾಡಿಕೆಯಾಗಿದ್ದು, ಮದರಾಸು ಪ್ರಾಂತ್ಯದಲ್ಲಿ ಅದು ಸ್ಥಳೀಯ ಬೋರ್ಡುಗಳ ಆದಾಯದ ಬಾಬುಗಳಲ್ಲಿ ಒಂದಾಗಿತ್ತು.

ಮಂಡ್ಯ ಜಿಲ್ಲೆಯಲ್ಲಿ

ಮಂಡ್ಯ ಜಿಲ್ಲೆ ಒಳನಾಡಾದರೂ ಕಾವೇರಿ, ಹೇಮಾವತಿ, ಲೋಕಪಾವನಿ, ಶಿಂಷಾ ನದಿಗಳು ಇಲ್ಲಿ ಹರಿಯುತ್ತವೆ. ಸೇತುವೆಗಳಿಲ್ಲದ ಕಡೆ ಜನರು ಹರಿಗೋಲನ್ನು ಆಶ್ರಯಿಸಬೇಕಾಗುತ್ತಿತ್ತು. ಸೇತುವೆಗಳು ಬಂದಂತೆ ದೋಣಿಯ ಅಗತ್ಯ ತಗ್ಗಿತು. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ವೆಲ್ಲೆಸ್ಲಿ ಸೇತುವೆ ನಿರ್ಮಾಣವಾಯಿತು. ಮದ್ದೂರಿನಲ್ಲಿ ಶಿಂಷಾ ನದಿಗೆ 19ನೇ ಶತಮಾನದಲ್ಲಿಯೇ ಇಟ್ಟಿಗೆಯ ಸೇತುವೆ ಕಟ್ಟಲಾಯಿತು. ಮಳವಳ್ಳಿ ಸಮೀಪದ ಶಿವನಸಮುದ್ರದಲ್ಲಿ ಶಿಥಿಲವಾಗಿದ್ದ ಕಲ್ಲಿನ ಸೇತುವೆಗಳ ಜೀರ್ಣೋದ್ಧಾರವನ್ನು ರಾಮಸ್ವಾಮಿ ಮೊದಲಿಯಾರ್ ಅವರು ಕೈಗೊಂಡರು. ಇದಕ್ಕಾಗಿ ಅವರಿಗೆ 'ಜನೋಪಕಾರ ಕಾಮಕರ್ತ' ಎಂಬ ಬಿರುದೂ ಜಹಗೀರು ಗ್ರಾಮಗಳೂ ದೊರೆತವು. ನದಿ ದಾಟುವ ವ್ಯವಸ್ಥೆಯ ವೆಚ್ಚವನ್ನು ಪ್ರಯಾಣಿಕನ ಸುಂಕದಿಂದಲ್ಲದೆ ದಾನ ಮತ್ತು ದತ್ತಿಗಳಿಂದಲೂ ತುಂಬಬಹುದೆಂಬುದಕ್ಕೆ ಇದು ನಿದರ್ಶನ.

ಇಂದು ಜಿಲ್ಲೆಯಲ್ಲಿ ದೋಣಿ ಶುಲ್ಕವೆಂದರೆ ಹೆಚ್ಚಾಗಿ ವಿಹಾರದ ಶುಲ್ಕ. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನಲ್ಲಿ ಅರಣ್ಯ ಇಲಾಖೆಯೇ ದೋಣಿ ವಿಹಾರವನ್ನು ನಡೆಸುತ್ತದೆ.

ಕಾನೂನಿನ ಸ್ಥಾನ

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ರಸ್ತೆ, ಸೇತುವೆಗಳ ಜೊತೆಗೆ ದೋಣಿ ಕಡವುಗಳೂ (ನಮೂದು 13), ಪ್ರತ್ಯೇಕವಾಗಿ ಸುಂಕಗಳೂ (ನಮೂದು 59) ಸೇರಿವೆ. ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ಸರ್ವೋಚ್ಚ ನ್ಯಾಯಾಲಯವು ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ (1954) ವಿವರಿಸಿತು. ತೆರಿಗೆ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತದೆ. ಶುಲ್ಕವು ಸಲ್ಲಿಸಿದ ಸೇವೆಗೆ ಪ್ರತಿಯಾಗಿ ಪಡೆಯುವ ಹಣ. ಈ ದೃಷ್ಟಿಯಿಂದ ದೋಣಿ ಶುಲ್ಕವು ಮೆಟ್ಟಿಲು, ನೆರಳು, ದೀಪ, ಜೀವರಕ್ಷಕ ಸಾಧನಗಳ ರೂಪದಲ್ಲಿ ದಡಕ್ಕೆ ಹಿಂದಿರುಗಿದಾಗ ಮಾತ್ರ ಸಮರ್ಥನೀಯವಾಗುತ್ತದೆ.

ಇತರ ದೇಶಗಳಲ್ಲಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು 2003ರ ಕಾನೂನಿನ ಮೂಲಕ ದೋಣಿ ಪ್ರಯಾಣಿಕರ ಮೇಲೆ ತಲಾ 50 ಸೆಂಟ್ ಹೆಚ್ಚುವರಿ ಶುಲ್ಕ ವಿಧಿಸಿತು. ಈ ಹಣ ಕರಾವಳಿಯ ಬಂದರು ಪಟ್ಟಣಗಳಿಗೆ ಸೇರುತ್ತದೆ. ಬಂದರು ಸೇವೆ, ಸಾರ್ವಜನಿಕ ಸುರಕ್ಷತೆ, ಮೂಲಸೌಕರ್ಯಗಳಿಗೆ ವಿನಿಯೋಗವಾಗುತ್ತದೆ. ಊರಿನ ಮೂಲಕ ಹಾದುಹೋಗುವವರಿಂದ ಉಂಟಾಗುವ ಹೊರೆಯನ್ನು ಅವರಿಂದಲೇ ಭರಿಸುವುದು ಇದರ ತತ್ತ್ವ.

ಮಿತಿಗಳು

ದೋಣಿ ಸುಂಕ ಸ್ಥಿರ ಆದಾಯವಲ್ಲ. ಮಳೆಗಾಲದ ಪ್ರವಾಹದಲ್ಲಿ ದೋಣಿಗಳು ನಿಲ್ಲುತ್ತವೆ. ಸೇತುವೆಯಾದರೆ ಆದಾಯವೇ ಬತ್ತುತ್ತದೆ. ಶಿವಮೊಗ್ಗ ಜಿಲ್ಲೆಯ ಲಿಂಗನಮಕ್ಕಿ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗುವವರು ದಶಕಗಳ ಕಾಲ ಲಾಂಚನ್ನೇ ಅವಲಂಬಿಸಿದ್ದರು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಇನ್ನೊಂದು ಮಿತಿ ಸಮಾನತೆಗೆ ಸಂಬಂಧಿಸಿದ್ದು. ಪ್ರವಾಸಿಗೆ ದೋಣಿ ವಿಹಾರವಾದರೆ, ಶಾಲೆಗೂ ಸಂತೆಗೂ ಹೋಗುವ ದಡದ ನಿವಾಸಿಗೆ ಅದು ನಿತ್ಯದ ದಾರಿ. ಇಬ್ಬರಿಗೂ ಒಂದೇ ದರ ವಿಧಿಸಿದರೆ ಹೊರೆ ನಿವಾಸಿಯ ಮೇಲೆಯೇ ಹೆಚ್ಚಾಗಿ ಬೀಳುತ್ತದೆ. ಅರ್ಥಶಾಸ್ತ್ರದ ವಿನಾಯಿತಿಗಳು ಈ ಕಾರಣದಿಂದ ಇಂದಿಗೂ ಪ್ರಸ್ತುತವಾಗಿವೆ.