ಊರು ಬಿಡಿಸಿದರು, ಊರಿಗೆ ಮರಳಲಿಲ್ಲ

ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ್ದೇವೆ: ಎರಡನೇ ಮಹಾಯುದ್ಧ 1945ರಲ್ಲಿ ಮುಗಿಯಿತು, ಮಿತ್ರರಾಷ್ಟ್ರಗಳು ಗೆದ್ದವು. ಆದರೆ ಗೆದ್ದವರ ಜೊತೆಗಿದ್ದೂ ಮನೆಗೆ ಹೋಗಲಾಗದ ಸೈನ್ಯವೊಂದಿತ್ತು. ಅದು ಪೋಲೆಂಡಿನ ಮೊದಲನೇ ಟ್ಯಾಂಕ್ ಡಿವಿಷನ್. ಅದರ ನಾಯಕ ಜನರಲ್ ಸ್ತಾನಿಸ್ವಾವ್ ಮಾಚೆಕ್.

1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿತು. 17ರಂದು ಪೂರ್ವದಿಂದ ಸೋವಿಯತ್ ಸೇನೆಯೂ ಬಂತು. ಎರಡೂ ಕಡೆಯಿಂದ ಸಿಕ್ಕಿಬಿದ್ದ ದೇಶ ಒಂದು ತಿಂಗಳಲ್ಲಿ ಕುಸಿಯಿತು. ಆಗ ಒಂದು ಮೋಟಾರು ಬ್ರಿಗೇಡಿನ ಮುಖ್ಯಸ್ಥರಾಗಿದ್ದ ಮಾಚೆಕ್, ಆದೇಶದಂತೆ ತಮ್ಮ ಸೈನಿಕರೊಂದಿಗೆ ಹಂಗೇರಿಯ ಗಡಿ ದಾಟಿದರು. ಅಲ್ಲಿಂದ ಫ್ರಾನ್ಸ್ ಸೇರಿದರು. 1940ರಲ್ಲಿ ಫ್ರಾನ್ಸೂ ಸೋತಿತು. ಮಾಚೆಕ್ ವೇಷ ಮರೆಸಿಕೊಂಡು ಉತ್ತರ ಆಫ್ರಿಕಾ ಸುತ್ತಿ ಬ್ರಿಟನ್ನಿಗೆ ಬಂದರು.

ಸ್ಕಾಟ್ಲೆಂಡಿನಲ್ಲಿ ಪೋಲಿಷ್ ಸೈನಿಕರು ಕಡಲತೀರ ಕಾಯುತ್ತ ಮತ್ತೆ ಒಂದಾದರು. 1942ರ ಫೆಬ್ರವರಿಯಲ್ಲಿ ಅಲ್ಲೇ ಈ ಡಿವಿಷನ್ ಹುಟ್ಟಿತು. ಸುಮಾರು 16,000 ಸೈನಿಕರು, ಬ್ರಿಟನ್ ಮತ್ತು ಅಮೆರಿಕದ ಟ್ಯಾಂಕುಗಳು. ದೇಶ ಪರರ ಕೈಯಲ್ಲಿ, ಸರ್ಕಾರ ಲಂಡನ್ನಿನಲ್ಲಿ. ತರಬೇತಿ ಮಾಡುತ್ತ ಎರಡು ವರ್ಷ ಕಾದರು.

1944ರ ಆಗಸ್ಟ್‌ನಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ, ಕೆನಡಾ ಸೇನೆಯ ಕೈಕೆಳಗೆ ಅವರು ಯುದ್ಧಕ್ಕಿಳಿದರು. ಫಾಲೇಜ್ ಪಟ್ಟಣದ ಬಳಿ ಜರ್ಮನ್ ಸೇನೆಯನ್ನು ಮಿತ್ರರಾಷ್ಟ್ರಗಳು ಸುತ್ತುವರಿದಿದ್ದವು. ಚೀಲದೊಳಗೆ ತುಂಬಿದಂತಾಗಿತ್ತು, ಬಾಯಿ ಕಟ್ಟುವುದೊಂದು ಬಾಕಿ. ಆ ಬಾಯಿಯ ಬಳಿಯೇ ಒಂದು ಗುಡ್ಡವಿತ್ತು. ನಕ್ಷೆಯಲ್ಲಿ ಗದೆಯಂತೆ ಕಾಣುತ್ತಿದ್ದುದರಿಂದ ಪೋಲಿಷರು ಅದನ್ನು 'ಗದೆ' ಎಂದೇ ಕರೆದರು. ಸುಮಾರು 1,500 ಸೈನಿಕರು 80 ಟ್ಯಾಂಕುಗಳೊಂದಿಗೆ ಅದನ್ನು ಹಿಡಿದರು. ಒಳಗಿನ ಜರ್ಮನ್ನರು ತಪ್ಪಿಸಿಕೊಳ್ಳಲು ಇವರ ಮೇಲೆ ಬಿದ್ದರು; ಅವರನ್ನು ಬಿಡಿಸಲು ಹೊರಗಿನಿಂದಲೂ ಜರ್ಮನ್ ಟ್ಯಾಂಕುಗಳು ಬಂದವು. ಗುಂಡು ಮುಗಿಯುತ್ತಾ ಬಂತು, ಗಾಯಾಳುಗಳನ್ನು ಸಾಗಿಸಲು ದಾರಿಯಿಲ್ಲ. ಆದರೂ ಆಗಸ್ಟ್ 21ರಂದು ಕೆನಡಾದವರು ಬಂದು ಸೇರುವವರೆಗೆ ಗುಡ್ಡ ಬಿಡಲಿಲ್ಲ.

ಸತ್ತವರ ಜಾಗಕ್ಕೆ ಹೊಸ ಸೈನಿಕರು ಎಲ್ಲಿಂದ ಬರಬೇಕು? ದೇಶವೇ ಕೈಯಲ್ಲಿಲ್ಲ. ಹಿಟ್ಲರ್ ತನ್ನ ಸೇನೆಗೆ ಬಲವಂತವಾಗಿ ಸೇರಿಸಿಕೊಂಡಿದ್ದ ಪೋಲಿಷ್ ಯುವಕರು ಸೆರೆ ಸಿಕ್ಕಿದ್ದರು. ಅವರಲ್ಲಿ ಅನೇಕರು ಸಮವಸ್ತ್ರ ಬದಲಿಸಿ ಈ ಡಿವಿಷನ್ ಸೇರಿದರು.

ಅಕ್ಟೋಬರ್ 29ರಂದು ಅವರು ನೆದರ್ಲೆಂಡ್ಸ್‌ನ ಬ್ರೆಡಾ ಪಟ್ಟಣವನ್ನು ಬಿಡಿಸಿದರು. ಮಾಚೆಕ್ ಊರಿನ ಮೇಲೆ ಫಿರಂಗಿ ಸುರಿಸಲಿಲ್ಲ. ಬಳಸಿ ಬಂದು ಒಳಹೊಕ್ಕರು. ಊರು ಹಾಳಾಗಲಿಲ್ಲ. ಜನ ಅಂಗಡಿ ಕಿಟಕಿಗಳಲ್ಲಿ ಪೋಲಿಷ್ ಭಾಷೆಯಲ್ಲೇ ಧನ್ಯವಾದ ಬರೆದು ಹಚ್ಚಿದರು. ಇವರಿಗೆ ಗೌರವ ಪೌರತ್ವ ಕೊಡಿ ಎಂಬ ಮನವಿಗೆ 40,000ಕ್ಕೂ ಹೆಚ್ಚು ಜನ ಸಹಿ ಹಾಕಿದರು.

ಇತ್ತ 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ನಾಯಕರು ಕೂತು ಗಡಿ ಗೆರೆ ಎಳೆದರು. ಪೋಲೆಂಡಿನ ಪೂರ್ವ ಭಾಗ ಸೋವಿಯತ್ ಪಾಲಾಯಿತು. ಅನೇಕ ಸೈನಿಕರ ಊರುಗಳಿದ್ದದ್ದು ಅಲ್ಲೇ. ಈ ಸುದ್ದಿ ಗೊತ್ತಾದ ಮೇಲೂ ಅವರು ಬಂದೂಕು ಕೆಳಗಿಡಲಿಲ್ಲ. ಮೇ ತಿಂಗಳಲ್ಲಿ ಜರ್ಮನಿಯ ವಿಲ್ಹೆಲ್ಮ್ಸ್‌ಹಾವೆನ್ ನೌಕಾನೆಲೆ ಅವರಿಗೇ ಶರಣಾಯಿತು.

ಜುಲೈನಲ್ಲಿ ಬ್ರಿಟನ್, ವಾರ್ಸಾದಲ್ಲಿದ್ದ ಕಮ್ಯುನಿಸ್ಟ್ ಹಿಡಿತದ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಆ ಸರ್ಕಾರ 1946ರಲ್ಲಿ ಮಾಚೆಕ್ ಅವರ ಪೌರತ್ವವನ್ನೇ ಕಿತ್ತುಕೊಂಡಿತು. ಬ್ರಿಟನ್ ಅವರಿಗೆ ಜನರಲ್‌ಗೆ ಸಲ್ಲುವ ಪಿಂಚಣಿ ಕೊಡಲಿಲ್ಲ. ಸಾವಿರಾರು ಜನರನ್ನು ಮುನ್ನಡೆಸಿದ ಈ ಮನುಷ್ಯ ಎಡಿನ್‌ಬರೋದ ಹೋಟೆಲೊಂದರ ಬಾರ್‌ನಲ್ಲಿ ಗಿರಾಕಿಗಳಿಗೆ ಗ್ಲಾಸು ತುಂಬಿಸಿಕೊಡುತ್ತ ಸಂಸಾರ ಸಾಕಿದರು.

ಯಾರು ಗೆದ್ದರು ಎಂಬ ಪ್ರಶ್ನೆಗೆ ಪುಸ್ತಕಗಳು ದೇಶಗಳ ಹೆಸರು ಹೇಳುತ್ತವೆ. ಗೆದ್ದವನು ಮನೆ ತಲುಪಿದನೇ ಎಂದೂ ನಾವು ಕೇಳಬೇಕು. ಮಾಚೆಕ್ 1994ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹುಟ್ಟಿದ ಊರು ಈಗ ಉಕ್ರೇನಿನಲ್ಲಿದೆ. ಅವರ ಸಮಾಧಿ ಇರುವುದು ಬ್ರೆಡಾದಲ್ಲಿ, ತಮ್ಮ ಸೈನಿಕರ ನಡುವೆ.