ಆಪರೇಷನ್ ಥಿಯೇಟರ್‌ನ ಡೇಬುಕ್: ಬರೆದಿಟ್ಟ ಇಬ್ಬರು ಸ್ಟೂಡೆಂಟ್ಸ್

1/5
ಆಪರೇಷನ್ ನಡೆಯುವಾಗ ಅರಿವಳಿಕೆ ಡಾಕ್ಟರ್ ಹತ್ರ ಒಂದು ಚಾರ್ಟ್ ಇರುತ್ತೆ. ಐದೈದು ನಿಮಿಷಕ್ಕೊಮ್ಮೆ ನಾಡಿ, ಬಿಪಿ ಎಲ್ಲ ಅದರಲ್ಲಿ ಎಂಟ್ರಿ. ನಮ್ಮ ಬಿಕಾಂ ಕಣ್ಣಿಗೆ ಅದು ಥೇಟ್ ಡೇಬುಕ್. ಆದ್ರೆ ಇಲ್ಲಿ ಲೆಕ್ಕ ದುಡ್ಡಿಂದಲ್ಲ, ಜೀವದ್ದು. ಇದರ ಹಿಂದೆ ಇರೋದು ಇಬ್ಬರು ಮೆಡಿಕಲ್ ಸ್ಟೂಡೆಂಟ್ಸ್ ಅಂದ್ರೆ ನಂಬ್ತೀರಾ?

2/5
1846ರ ಅಕ್ಟೋಬರ್ 16. ಅಮೆರಿಕದ ಬೋಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಕೊಟ್ಟು, ನೋವಿಲ್ಲದೆ ಆಪರೇಷನ್ ಮಾಡಬಹುದು ಅಂತ ಎಲ್ಲರೆದುರು ತೋರಿಸಿದ. ಮರುವರ್ಷ ಮಾರ್ಚ್‌ನಲ್ಲೇ ಅದು ಕಲ್ಕತ್ತಾಗೂ ಬಂತು. ಆದ್ರೆ ಸುಮಾರು ಐವತ್ತು ವರ್ಷ ಕಳೆದ ಮೇಲೂ ಬೋಸ್ಟನ್‌ನ ಅದೇ ಆಸ್ಪತ್ರೆಯಲ್ಲಿ ಈಥರ್ ಕೊಡೋ ಕೆಲಸ ಸ್ಟೂಡೆಂಟ್ಸ್ ಮೇಲೆ ಬೀಳ್ತಿತ್ತು, ಸರಿಯಾದ ತರಬೇತಿ ಇಲ್ಲದೆ.

ಹಾರ್ವರ್ಡ್‌ನ ಹಾರ್ವಿ ಕುಶಿಂಗ್ ಹೀಗೆ ಈಥರ್ ಕೊಟ್ಟ ರೋಗಿಯೊಬ್ಬ ಕಣ್ಣೆದುರೇ ಸತ್ತುಹೋದ. ಓದೇ ಬಿಟ್ಟುಬಿಡೋ ಯೋಚನೆ ಬಂದಿತ್ತು ಅವನಿಗೆ. ಬಿಡಲಿಲ್ಲ. ಕ್ಲಾಸ್‌ಮೇಟ್ ಕಾಡ್‌ಮನ್ ಜೊತೆ ಬೆಟ್ ಕಟ್ಟಿದ: ಯಾರು ಚೆನ್ನಾಗಿ ಈಥರ್ ಕೊಡ್ತಾರೋ ಅವರಿಗೆ ಊಟ! 1894ರಿಂದ ಇಬ್ಬರೂ ನಾಡಿ, ಉಸಿರಾಟ ಬರೆದಿಡೋಕೆ ಶುರು ಮಾಡಿದ್ರು. 1901ರಲ್ಲಿ ಕುಶಿಂಗ್ ಇಟಲಿಯಲ್ಲಿ ಬಿಪಿ ಅಳೆಯೋ ಪಟ್ಟಿ ನೋಡಿದ. ಆಮೇಲೆ ಚಾರ್ಟ್‌ಗೆ ಬಿಪಿಯೂ ಸೇರಿತು.

3/5
ಇದಕ್ಕೆ ಸ್ವಲ್ಪ ಮುಂಚೆ, ನಮ್ಮ ಕಲಬುರಗಿ, ಬೀದರ್, ರಾಯಚೂರು ನಿಜಾಮರ ಕೈಯಲ್ಲಿದ್ದ ಕಾಲ. 1888 ಮತ್ತು 1889ರಲ್ಲಿ ಹೈದರಾಬಾದ್‌ನಲ್ಲಿ ಎರಡು ಕ್ಲೋರೋಫಾರ್ಮ್ ಕಮಿಷನ್‌ಗಳು ಕೂತವು. ನಿಜಾಮರ ದುಡ್ಡು, ಎರಡನೇ ಸಲಕ್ಕೆ ಲಂಡನ್‌ನಿಂದ ಬಂದ ತಜ್ಞ, ನೂರಾರು ನಾಯಿಗಳ ಮೇಲೆ ಪ್ರಯೋಗ. ತೀರ್ಪು ಏನು ಗೊತ್ತಾ? ಉಸಿರು ನೋಡಿಕೊಂಡ್ರೆ ಸಾಕು, ಕ್ಲೋರೋಫಾರ್ಮ್ ನೇರವಾಗಿ ಹೃದಯ ನಿಲ್ಲಿಸಲ್ಲ.

ಅದು ತಪ್ಪು ಅಂತ 1911ರಲ್ಲಿ ಲೆವಿ ಎಂಬ ವೈದ್ಯ ತೋರಿಸಿದ. ಕ್ಲೋರೋಫಾರ್ಮ್‌ನಿಂದ ಹೃದಯ ಲಯ ತಪ್ಪಿ ಇದ್ದಕ್ಕಿದ್ದಂತೆ ನಿಲ್ಲಬಹುದು. ಅಂದ್ರೆ ದೊಡ್ಡ ಕಮಿಷನ್ ಬೇಡ ಅಂದ ನಾಡಿಯ ಕಾಲಂ, ಆ ಇಬ್ಬರು ಹುಡುಗರ ಹಾಳೆಯಲ್ಲಿತ್ತು.

4/5
ಈಗ ನಮ್ಮೂರಿಗೆ ಬನ್ನಿ. ಸ್ಟೂಡೆಂಟ್ಸೂ ರಿಸರ್ಚ್ ಮಾಡ್ಲಿ ಅಂತ ಐಸಿಎಂಆರ್ 1979ರಲ್ಲೇ ಎಸ್‌ಟಿಎಸ್ ಅನ್ನೋ ಸ್ಕೀಮ್ ಶುರು ಮಾಡಿತು. ಎಂಬಿಬಿಎಸ್ ಓದ್ತಿರುವಾಗಲೇ ಗೈಡ್ ಒಬ್ಬರ ಕೈಕೆಳಗೆ ಎರಡು ತಿಂಗಳ ಪುಟ್ಟ ರಿಸರ್ಚ್, ಸ್ಟೈಪೆಂಡ್ ಸಮೇತ. ಅರಿವಳಿಕೆ ವಿಷಯವನ್ನೂ ತಗೋಬಹುದು. ಅಮೆರಿಕದಲ್ಲಂತೂ ಅರಿವಳಿಕೆಗೆಂದೇ ಎಂಟು ವಾರದ ಬೇಸಿಗೆ ಫೆಲೋಶಿಪ್ ಇದೆ.

ಹಾಸನದಲ್ಲಿ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜು, ನಮ್ಮ ಹಿಮ್ಸ್ ಇದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬಸ್ ಹತ್ತಿ ಬರೋ ರೋಗಿಗಳಿದ್ದಾರೆ. ಪ್ರಶ್ನೆಗಳಿಗೆ ಬರಗಾಲವೇ?

5/5
ಒಂದು ಪ್ರಶ್ನೆ ನಮ್ಮ ಮನೆಗಳಲ್ಲೇ ಇದೆ. "ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ರಲ್ಲ, ಅವತ್ತಿಂದ ಸೊಂಟನೋವು" ಅನ್ನೋ ಮಾತು ಕೇಳದವರು ಯಾರು? ನಿಜವಾಗಲೂ ಇಂಜೆಕ್ಷನ್ನೇ ಕಾರಣನಾ? ಬಸುರಿ ಇದ್ದಾಗಲೇ ನೋವಿತ್ತಾ? ನಾರ್ಮಲ್ ಡೆಲಿವರಿ ಆದವರಿಗೆ ಬರಲ್ವಾ? ಇಬ್ಬರನ್ನೂ ಕೇಳಿ, ಹೋಲಿಸಿ ಬರೆದಿಟ್ರೆ ಗೊತ್ತಾಗುತ್ತೆ. ಆ ಭಯಕ್ಕೇ ಆಪರೇಷನ್ ಬೇಡ ಅನ್ನೋ ಹೆಣ್ಣುಮಗಳಿಗೆ "ಏನೂ ಆಗಲ್ಲ ಬಿಡಮ್ಮ" ಅನ್ನೋದಕ್ಕಿಂತ, ನಮ್ಮ ಜಿಲ್ಲೆಯ ತಾಯಂದಿರ ಲೆಕ್ಕ ಇಟ್ಟು ಹೇಳೋ ಮಾತು ಹೆಚ್ಚು ನಾಟುತ್ತೆ.

ಎಂಬಿಬಿಎಸ್ ಓದ್ತಿರೋ ಫ್ರೆಂಡ್ ಇದ್ರೆ ಟ್ಯಾಗ್ ಮಾಡಿ. ಟೇಬಲ್ ಹಾಕೋಕೆ, ಪರ್ಸೆಂಟೇಜ್ ತೆಗೆಯೋಕೆ ನಾವು ಬಿಕಾಂನವರು ಇದ್ದೇವೆ 😄

#ಹಾಸನ #ಅರಿವಳಿಕೆ #ಇತಿಹಾಸ